ಹೈಫಾದಲ್ಲಿ ಮಡಿದ ನಮ್ಮ ನಾಡಿನ ತರುಣರು

 

ಶ್ರೀಮಠದ ಮಹೋತ್ಸವದ ಈ ಮಂಗಳ ಸಮಯದಲ್ಲಿ ಸಮರದ ಮಾತನ್ನೆತ್ತುವುದು ಉಚಿತವೇ ಎಂದು ಕೆಲವರಿಗೆ ತೋರಬಹುದು. ಆದರೆ ಮಠವು ಸಂತೋಷವನ್ನು ಹಂಚಿಕೊಳ್ಳುವ ಸ್ಥಾನವಾಗಿರುವಂತೆಯೇ ಅಗಲಿದವರನ್ನು ನೆನೆಯುವ ಸ್ಥಾನವೂ ಅಹುದು. ನೆನೆಯುವವರು ವಿರಳವಾದವರನ್ನು ನೆನೆಯುವುದಂತೂ ಮಠಕ್ಕೆ ಸಹಜವಾದ ಧರ್ಮ.

೧೯೧೪ರಲ್ಲಿ ಯೂರೋಪಿನ ಮಹಾಯುದ್ಧವು ಮೊದಲಾದಾಗ ಮೈಸೂರನ್ನಾಳುತ್ತಿದ್ದವರು ಶ್ರೀಮನ್ನಾಲ್ವಡಿ ಕೃಷ್ಣರಾಜ ಒಡೆಯರವರು. ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಆ ವರ್ಷವೇ ಕಡಲನ್ನು ದಾಟಿ ಈಜಿಪ್ಟನ್ನು ಸೇರಿತು. ಸೂಯೆಜ್ ಕಾಲುವೆಯನ್ನು ಕಾದು, ಮರುಭೂಮಿಯ ಬಿಸಿಲಿನಲ್ಲಿ ಬೆಂದು, ಪ್ಯಾಲೆಸ್ಟೈನ್ ದೇಶದಲ್ಲಿ ಮುನ್ನಡೆದ ಆ ದಳವು ೧೯೧೮ನೆಯ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣದ ಮುಂದೆ ನಿಂತಿತು. ಒಂದು ಕಡೆ ಕಾರ್ಮೆಲ್ ಬೆಟ್ಟ, ಮತ್ತೊಂದು ಕಡೆ ಕಿಶೋನ್ ನದಿಯ ಕೆಸರು. ಎದುರಿನಲ್ಲಿ ತುರ್ಕರ ಫಿರಂಗಿಗಳು ಮತ್ತು ಯಂತ್ರಬಂದೂಕಗಳು. ಮೈಸೂರಿನ ಸವಾರರಲ್ಲಿ ಕೆಲವರು ಕಡಿದಾದ ಬೆಟ್ಟವನ್ನೇರಿ ಫಿರಂಗಿಗಳನ್ನು ವಶಪಡಿಸಿಕೊಂಡರು. ಜೋಧಪುರದ ಸವಾರರು ಪಟ್ಟಣದೊಳಕ್ಕೆ ನುಗ್ಗಿದರು. ಈಟಿ ಕತ್ತಿಗಳನ್ನು ಹಿಡಿದವರಿಗೆ ಗುಂಡಿನ ಮಳೆಯೆದುರು ಜಯವಾಯಿತು. ಸಾವಿರದ ಮುನ್ನೂರಕ್ಕೂ ಮಿಕ್ಕ ಶತ್ರುಗಳು ಸೆರೆಯಾದರು.

ಆ ಜಯದ ಬೆಲೆಯನ್ನು ತೆತ್ತವರು ತರುಣರು. “ಅದು ಸಾಮ್ರಾಜ್ಯಗಳ ಕಲಹ; ಅದರಲ್ಲಿ ಮಡಿದವರನ್ನು ನಾವೇಕೆ ನೆನೆಯಬೇಕು?” ಎಂದು ಕೇಳುವವರುಂಟು. ಕಲಹವು ಸಾಮ್ರಾಜ್ಯಗಳದೆಂಬುದು ನಿಜ. ಆದರೆ ಯುದ್ಧವನ್ನು ಸಾರಿದವನು ಆ ಸವಾರನಲ್ಲ. ಉಂಡ ಅನ್ನದ ಋಣಕ್ಕೆ, ಕೊಟ್ಟ ಮಾತಿಗೆ ಕಟ್ಟುಬಿದ್ದು ಅವನು ಹೋದನು. ಹಿಂಸೆಯನ್ನು ಕಾಯಕವೆಂದು ಹೊಗಳುವುದಕ್ಕೆ ಶರಣಧರ್ಮವು ಒಪ್ಪದು. ಮಡಿದವನ ಪ್ರಾಣಕ್ಕೆ ಬೆಲೆಯಿಲ್ಲವೆನ್ನುವುದಕ್ಕೂ ಒಪ್ಪದು. ಅಂದು ಎದುರುಪಕ್ಷದಲ್ಲಿ ಬಿದ್ದ ತುರ್ಕ ತರುಣನೂ ಒಬ್ಬ ತಾಯಿಯ ಮಗನೇ ಎಂಬುದನ್ನು ಮರೆತರೆ ನಮ್ಮ ಸ್ಮರಣೆಯು ಬರಿಯ ಜಂಬವಾಗುವುದು.

ನಮ್ಮ ಮನೆಗಳಲ್ಲಿ ಯಾರಾದರೂ ಲಿಂಗೈಕ್ಯರಾದರೆ ಬಂಧುಗಳು ಕೂಡಿ, ವಿಭೂತಿಯನ್ನು ಧರಿಸಿ, ಜಂಗಮರ ಸನ್ನಿಧಿಯಲ್ಲಿ ಸಮಾಧಿಕ್ರಿಯೆಯನ್ನು ನಡೆಸುವರು. ಕಡೆಯ ದರ್ಶನವು ದುಃಖಕ್ಕೊಂದು ದಡ. ಕಡಲಾಚೆ ಮಡಿದವನ ತಾಯಿಗೆ, ಅವಳು ಯಾವ ಕುಲದವಳೇ ಆಗಲಿ, ಆ ದಡವೂ ದೊರೆಯಲಿಲ್ಲ. ಆದಕಾರಣ ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕವನ್ನು ನಾವು ಬರಿಯ ಕಲ್ಲೆಂದು ಭಾವಿಸಬಾರದು. ಮಣ್ಣಾಗಲಿ ಬೂದಿಯಾಗಲಿ ಮನೆಗೆ ಮರಳದವರಿಗೆ ತಾಯ್ನಾಡಿನಲ್ಲಿ ಉಳಿದ ನೆಲೆ ಅದೇ.

೧೯೫೩ರಲ್ಲಿ ಸಂಸ್ಥಾನಗಳ ಅಶ್ವದಳಗಳನ್ನು ಕೂಡಿಸಿ ೬೧ನೆಯ ಅಶ್ವದಳವನ್ನು ರಚಿಸಿದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಸೈನಿಕರು ಮೈಸೂರು, ಜೋಧಪುರ, ಹೈದರಾಬಾದುಗಳ ಪ್ರತಿನಿಧಿಗಳು. ೨೦೧೮ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಎಂಬುದನ್ನು ಸೇರಿಸಲಾಯಿತು. ದೂರದ ದೆಹಲಿಯು ನೆನೆಯುತ್ತಿರುವಾಗ ಹತ್ತಿರದ ನಾವು ಮರೆಯುವುದು ತರವಲ್ಲ.

ನನ್ನ ವಿಜ್ಞಾಪನೆಯಿಷ್ಟೆ. ಪ್ರತಿವರ್ಷವೂ ಸೆಪ್ಟೆಂಬರ್ ೨೩ರಂದು ಭಕ್ತರು ತಮ್ಮ ಮಕ್ಕಳೊಡನೆ ಆ ಸ್ಮಾರಕಕ್ಕೆ ಹೋಗಿ, ಒಂದು ಹೂವನ್ನಿಟ್ಟು, ಅಲ್ಲಿ ಕೆತ್ತಿರುವುದನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಲಿ. ಸಾಹಸವನ್ನು ಕೇಳಿದ ಮಗುವು ಅದಕ್ಕೆ ತೆತ್ತ ಬೆಲೆಯನ್ನೂ ಅರಿಯಲಿ. ತರುಣರನ್ನು ಕಡಲಾಚೆ ಸಾಯಲು ಕಳುಹಿಸುವ ಕಾಲವು ಮತ್ತೆ ಬಾರದಿರಲೆಂದು ಶ್ರೀಗುರುವಿನಲ್ಲಿ ಪ್ರಾರ್ಥಿಸಿ, ನನ್ನ ಮಾತುಗಳನ್ನು ಮುಗಿಸುವೆನು.