ದೊಡ್ಡ ಅವಿಭಾಜ್ಯ ಸಂಖ್ಯೆಗಳು
(ಪವಾಯಿಯ ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ತಿಂಗಳ ಮೊದಲ ವಾರದಲ್ಲಿ ನಮ್ಮಲ್ಲಿ ಬಹುಮಂದಿ ಊರಿಗೆ ಹಣ ಕಳುಹಿಸುತ್ತೇವೆ. ಹಿಂದೆ ಅಂಚೆ ಕಚೇರಿಯಲ್ಲಿ ಸಾಲು ನಿಂತು ಮನಿಯಾರ್ಡರು ಮಾಡುತ್ತಿದ್ದೆವು; ಈಗ ಮೊಬೈಲಿನಲ್ಲೇ ಕೆಲಸ ಮುಗಿಯುತ್ತದೆ. ದಾರಿಯಲ್ಲಿ ಆ ಹಣವನ್ನು ಕಾಯುವ ಬೀಗಗಳಲ್ಲಿ ಮುಖ್ಯವಾದುದೊಂದು ಬರಿಯ ಸಂಖ್ಯೆಗಳಿಂದಲೇ ಆದುದು. ಅದರ ವಿಚಾರವನ್ನೇ ಇಂದು ಹೇಳಹೊರಟಿದ್ದೇವೆ.

ಊಟಕ್ಕೆ 12 ಮಂದಿ ಬಂದರೆ ನಾಲ್ವರಂತೆ ಮೂರು ಪಂಕ್ತಿ ಹಾಕಬಹುದು. ಆರು ಮಂದಿಯಂತೆ ಎರಡೂ ಆಗುತ್ತದೆ. 13 ಮಂದಿಯಾದರೆ ಒಂದೇ ಪಂಕ್ತಿ. ಎರಡು ಮಾಡಿದರೂ ಮೂರು ಮಾಡಿದರೂ ಸಮವಾಗದು. ಹೀಗೆ ಒಂದರಿಂದ ಮತ್ತು ತನ್ನಿಂದ ಹೊರತು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದುದು ಅವಿಭಾಜ್ಯ ಸಂಖ್ಯೆ.

ಚಿಕ್ಕ ಸಂಖ್ಯೆಯ ಪರೀಕ್ಷೆ ಸುಲಭ, ದೊಡ್ಡದರದು ಹಾಗಲ್ಲ. 67 ಎರಡುಗಳನ್ನು ಗುಣಿಸಿ ಒಂದನ್ನು ಕಳೆದರೆ 21 ಅಂಕಿಗಳ ಸಂಖ್ಯೆ ಬರುತ್ತದೆ. ಅದು ಅವಿಭಾಜ್ಯವೆಂದು ಫ್ರಾನ್ಸಿನ ಸಂನ್ಯಾಸಿ ಮರ್ಸೆನ್ 1644ರಲ್ಲಿ ಹೇಳಿದನು. ಅಲ್ಲವೆಂದು 1876ರಲ್ಲಿ ಲೂಕಾ ಎಂಬ ಗಣಿತಜ್ಞನು ಸಾಧಿಸಿದನು. ಆದರೆ ಅದು ಯಾವ ಸಂಖ್ಯೆಗಳ ಗುಣಲಬ್ಧವೆಂಬುದು ಅವನಿಗೂ ಸಿಗಲಿಲ್ಲ. 1903ರಲ್ಲಿ ಅಮೆರಿಕದ ಪ್ರೊಫೆಸರ್ ಕೋಲ್ ಅವರು 19,37,07,721 ಮತ್ತು 7,61,83,82,57,287 ಎಂಬ ಎರಡನ್ನು ಗುಣಿಸಿ ತೋರಿಸಿದರು. ಇವನ್ನು ಹುಡುಕಲು ಅವರಿಗೆ ಮೂರು ವರ್ಷಗಳ ಭಾನುವಾರಗಳು ಬೇಕಾದವಂತೆ!

ಒಡೆಯುತ್ತದೆಯೇ ಎಂದು ತಿಳಿಯುವುದು ಬೇರೆ, ಒಡೆಯುವುದು ಬೇರೆ. ನಮ್ಮ ಕೆರೆಯ ದಂಡೆಯ ಐ.ಐ.ಟಿ.ಯ ಸೋದರ ಸಂಸ್ಥೆಯಾದ ಕಾನ್ಪುರದ ಐ.ಐ.ಟಿ.ಯಲ್ಲಿ 2002ರಲ್ಲಿ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಎಂಬ ಮೂವರು ಮೊದಲನೆಯ ಪ್ರಶ್ನೆಯನ್ನು ಬಗೆಹರಿಸಿದರು. ಸಂಖ್ಯೆ ಎಷ್ಟು ದೊಡ್ಡದಾದರೂ ಲೆಕ್ಕ ಮಿತಿಮೀರಿ ಬೆಳೆಯದಂತೆ, ಅದು ಅವಿಭಾಜ್ಯವೋ ಅಲ್ಲವೋ ಎಂದು ಖಚಿತವಾಗಿ ಹೇಳುವ ವಿಧಾನ ಅವರದು. ಎರಡನೆಯ ಕೆಲಸಕ್ಕೆ, ಎಂದರೆ ಒಡೆಯುವುದಕ್ಕೆ, ಇಂದಿನ ಗಣಕಯಂತ್ರಗಳಿಗೆ ಇಂಥ ಸುಲಭೋಪಾಯ ದೊರೆತಿಲ್ಲ.

ಈ ಅಂತರವೇ ಬೀಗ. 89ನ್ನು 97ರಿಂದ ಗುಣಿಸಿ 8,633 ಎನ್ನಲು ಗುಮಾಸ್ತರಿಗೆ ಅರೆನಿಮಿಷ ಸಾಕು. ಬರಿಯ 8,633ನ್ನು ಕೊಟ್ಟು ಒಡೆಯಿರಿ ಎಂದರೆ ಬೆವರು ಬರುತ್ತದೆ. ಇದನ್ನೇ ಆಧಾರವಾಗಿಟ್ಟುಕೊಂಡು 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬವರು ಗುಪ್ತಲಿಪಿಯೊಂದನ್ನು ರಚಿಸಿ, 129 ಅಂಕಿಗಳ ಸಂಖ್ಯೆಯೊಂದನ್ನು ಪಂಥವಾಗಿ ಜಗತ್ತಿನ ಮುಂದಿಟ್ಟರು. ಅದು ಒಡೆದದ್ದು 1994ರಲ್ಲಿ. ಸುಮಾರು 600 ಸ್ವಯಂಸೇವಕರ ಯಂತ್ರಗಳು ಎಂಟು ತಿಂಗಳು ದುಡಿದ ಮೇಲೆ. ಈಗ ಬಳಕೆಯಲ್ಲಿರುವ ಇಂಥ ಬೀಗಗಳಲ್ಲಿ 617 ಅಂಕಿಗಳವು ಸಾಮಾನ್ಯ. ಎರಡು ಮಹಾ ಅವಿಭಾಜ್ಯಗಳ ಗುಣಲಬ್ಧವನ್ನು ಲೋಕವೆಲ್ಲ ನೋಡಬಹುದು; ಆ ಎರಡು ಮಾತ್ರ ಗುಟ್ಟು.

ಲೆಕ್ಕದಿಂದ ಈ ಬೀಗ ಒಡೆಯಲಾರದ ಕಳ್ಳನು ನಮ್ಮನ್ನೇ ಕೀಲಿ ಕೇಳುತ್ತಾನೆ. ಬ್ಯಾಂಕಿನವರೆಂದು ಹೇಳಿಕೊಂಡು ಓ.ಟಿ.ಪಿ. ಕೇಳುವವರು ಈ ಜಾತಿಯವರು. ನಾವೇ ಬಾಯಿಬಿಟ್ಟರೆ 617 ಅಂಕಿಗಳೂ ಕಾಯಲಾರವು. ಮುಂದಿನ ಸಲ ಹಣ ಕಳುಹಿಸುವಾಗ ಊರಿನ ತಂದೆತಾಯಿಗಳಿಗೂ ಇದಿಷ್ಟನ್ನು ತಿಳಿಸಿ ಹೇಳೋಣ.