ಮೂರನೇ ಮರಿಗೆ ಬಾಟ್ಲಿ ಹಾಲು



ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಆಡು ಅಂದರೆ ಹೆಣ್ಣುಮಕ್ಕಳ ಕೈಗಂಟು. ಆಡಿಗೆ ಮೊಲೆ ಎರಡೇ. ಮೂರು ಮರಿ ಹಾಕಿದರೆ ಸಣ್ಣದಕ್ಕೆ ಹಾಲು ಸಿಗುವುದಿಲ್ಲ. ಅದನ್ನು ನಾವೇ ಉಳಿಸಬೇಕು.

ಹೋದ ವರ್ಷ ನಾವು ಒಂದು ತಪ್ಪು ಮಾಡಿದೆವು. ಮರಿಯನ್ನು ಮಲಗಿಸಿ ಗೊಟ್ಟದಿಂದ ಹಾಲು ಹಾಕಿದೆವು. ಹಾಲು ಉಸಿರಿನ ನಾಳಕ್ಕೆ ಇಳಿಯಿತು. ಮರಿ ಸತ್ತಿತು.

ನೀವು ಹಂಗ ಮಾಡಬ್ಯಾಡ್ರಿ. ಮರಿ ಹುಟ್ಟಿದ ತಾಸಿನೊಳಗೆ ಗಿಣ್ಣದ ಹಾಲು ಕುಡಿಸಿರಿ. ಅದರಲ್ಲಿ ರೋಗ ತಡೆಯುವ ಶಕ್ತಿ ಇದೆ. ಮರಿಯ ಮೈ ತಣ್ಣಗಿದ್ದರೆ ಮೊದಲು ಒರೆಸಿ, ಬೆಚ್ಚಗೆ ಮಾಡಿರಿ. ಆಮೇಲೆ ಹಾಲು.

ತಾಯಿ ಹಾಲು ಸಾಲದಿದ್ದರೆ ಬೇರೆ ಆಡಿನ ಹಾಲು ಅಥವಾ ಆಕಳ ಹಾಲು ನಡೆಯುತ್ತದೆ. ನೀರು ಬೆರೆಸಬ್ಯಾಡ್ರಿ. ಹಾಲು ಉಗುರುಬೆಚ್ಚಗಿರಲಿ. ಬಾಟ್ಲಿ, ನಿಪ್ಪಲ್ ಬಿಸಿನೀರಿನಲ್ಲಿ ತೊಳೆಯಿರಿ. ಮರಿ ನಿಂತುಕೊಂಡೇ ಕುಡಿಯಲಿ. ತಾನಾಗಿ ಚೀಪಲಿ.

ಎಷ್ಟು ಕುಡಿಸಬೇಕು? ತಾಯಿ ಹಾಲು ಸಿಗದ 2 ಕಿಲೋ ಮರಿಗೆ ದಿನಕ್ಕೆ ಕಡಿಮೆ ಎಂದರೂ 200 ಮಿಲಿ ಬೇಕು. 50 ಮಿಲಿಯಂತೆ 4 ಸಲ ಕೊಡಿರಿ. ಮರಿ ಬೆಳೆದಂತೆ ಹಾಲು ಹೆಚ್ಚಿಸಿರಿ.

ಬಾಟ್ಲಿ ಮ್ಯಾಲೆ ಗೆರೆ ಅದಾವ. ಗೆರೆಯ ಪಕ್ಕ ಅಂಕಿ ಅದಾವ. ಈಗ ಆ ಅಂಕಿ ನಾವೇ ಓದತೇವಿ. ಅಳತಿ ಕೇಳಾಕ ಯಾರ ಮನೀಗೂ ಹೋಗಬೇಕಿಲ್ಲ.