ಅಗಸ್ತ್ಯರ ಬೆಟ್ಟಕ್ಕೆ ನಾವೂ ಹೋದೆವು



ಡಿಸೆಂಬರಿನಲ್ಲಿ ವೈಟ್ಟಿಲದ ನಮ್ಮ ಫ್ಲ್ಯಾಟಿನಲ್ಲಿ ನಾನು ಲಿಫ್ಟ್ ಬಿಟ್ಟು ದಿನವೂ ಮೆಟ್ಟಿಲು ಹತ್ತುತ್ತಿದ್ದೆ. ಪಕ್ಕದ ಮನೆಯ ಚೇಚಿ, "ಲಿಫ್ಟ್ ಕೆಟ್ಟಿದೆಯಾ?" ಎಂದು ಕೇಳಿದ್ದೂ ಆಯಿತು. ಕಾರಣ, ತಿರುವನಂತಪುರ ಜಿಲ್ಲೆಯ ಅಗಸ್ತ್ಯಾರ್ಕೂಡಂ. ಎತ್ತರ 1868 ಮೀಟರ್, ನಮ್ಮ ಕುದುರೆಮುಖಕ್ಕಿಂತ ತುಸು ಕಡಿಮೆ. ಮಡಿಕೇರಿಯಿಂದ ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿಗೆ ಹೆಂಗಸರು ಹೋಗಬಾರದಂತಲ್ಲೇ?"

ಅಮ್ಮ ಹೇಳಿದ್ದು ಸುಳ್ಳಲ್ಲ. ಬಹುಕಾಲ ಹಾಗೇ ಇತ್ತು. ಮಹಿಳಾ ಸಂಘಟನೆಗಳು ಕೋರ್ಟಿಗೆ ಹೋದವು. 2018ರ ನವೆಂಬರಿನಲ್ಲಿ ಕೇರಳ ಹೈಕೋರ್ಟ್, ಹೆಣ್ಣೆಂಬ ಕಾರಣಕ್ಕೆ ಚಾರಣ ತಡೆಯುವಂತಿಲ್ಲ ಎಂದಿತು. 2019ರ ಜನವರಿ 14ರಂದು ರಕ್ಷಣಾ ಇಲಾಖೆಯ ವಕ್ತಾರೆ ಕೆ. ಧನ್ಯಾ ಸನಲ್ ಹೊರಟರು. ಕಾಡಿನ ಕಾಣಿ ಬುಡಕಟ್ಟಿನವರು ಪ್ರತಿಭಟಿಸಿದರು, ಆದರೆ ಅವರನ್ನು ತಡೆಯಲಿಲ್ಲ. ಈ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ಕೂತಿತ್ತು.

ಅರಣ್ಯ ಇಲಾಖೆ ವರ್ಷದ ಆರಂಭದ ಕೆಲವೇ ವಾರ ಪಾಸ್ ಕೊಡುತ್ತದೆ. ವೈದ್ಯರ ಫಿಟ್ನೆಸ್ ಸರ್ಟಿಫಿಕೇಟ್ ಬೇಕು. ಗೆಳತಿಯೊಬ್ಬಳ ಜತೆ ವೈಟ್ಟಿಲ ಹಬ್‌ನಿಂದ ರಾತ್ರಿ ಬಸ್ಸು ಹಿಡಿದೆ. ತಿರುವನಂತಪುರದಿಂದ ವಿದುರ ದಾಟಿ ಬೋಣಕ್ಕಾಡ್. ಅಲ್ಲಿಂದ ಅತಿರುಮಲ ಶಿಬಿರಕ್ಕೆ ಸುಮಾರು 15 ಕಿಲೋಮೀಟರ್ ನಡಿಗೆ: ತೊರೆ, ಹುಲ್ಲುಗಾವಲು, ಮತ್ತೆ ಕಾಡು. ಸಂಜೆಗೆ ಮೊಣಕಾಲು ನನ್ನ ಮಾತು ಕೇಳುತ್ತಿರಲಿಲ್ಲ.

ನಮ್ಮ ಮಾರ್ಗದರ್ಶಿ ಕಾಣಿ ಸಮುದಾಯದವರು. 1987ರಲ್ಲಿ ಇದೇ ಕಾಡಿನಲ್ಲಿ ವಿಜ್ಞಾನಿಗಳಿಗೆ ಆಯಾಸ ನೀಗಿಸುವ ಆರೋಗ್ಯಪಚ್ಚ ಗಿಡವನ್ನು ತೋರಿಸಿದ್ದು ಕಾಣಿ ಜನರೇ. ಅದರಿಂದ 'ಜೀವನಿ' ಎಂಬ ಔಷಧ ಬಂತು, ಲಾಭದಲ್ಲಿ ಅವರಿಗೂ ಪಾಲು ಸಂದಿತು. ರಾತ್ರಿ ಗಂಜಿ ಕುಡಿಯುವಾಗ ಧೈರ್ಯ ಮಾಡಿ ಕೇಳಿದೆ: "ಚೇಟ್ಟಾ, ನಾವು ಬಂದದ್ದು ನಿಮಗೆ ಬೇಸರವಾ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಮ್ಮ ಮನೆಯ ಹೆಂಗಸರು ಮೇಲೆ ಹೋಗುವುದಿಲ್ಲ. ನೀವು ಬಂದಿದ್ದೀರಿ. ಜೋಪಾನವಾಗಿ ಕರೆದುಕೊಂಡು ಹೋಗಿ ಬರುವುದು ನನ್ನ ಕೆಲಸ."

ನನಗೆ ನಿದ್ದೆ ಬರಲಿಲ್ಲ. ನನ್ನ ಹಕ್ಕು ನಿಜ, ಅವರ ನಂಬಿಕೆಯೂ ನಿಜ.

ಮರುದಿನದ 6 ಕಿಲೋಮೀಟರ್ ಬರೀ ಏರು. ಕೊನೆಯಲ್ಲಿ ನುಣುಪು ಬಂಡೆ, ಹಗ್ಗ ಹಿಡಿದೇ ಹತ್ತಬೇಕು. ಅರ್ಧದಲ್ಲಿ ಕಾಲು ಜಾರಿತು. ಮೇಲಿನಿಂದ ಕೈ ಚಾಚಿ ನನ್ನನ್ನು ಎಳೆದುಕೊಂಡವರು ಅದೇ ಚೇಟ್ಟ.

ತುದಿಯಲ್ಲಿ ಮಂಜು ಸರಿದಾಗ ಒಂದು ಕಡೆ ತಮಿಳುನಾಡಿನ ಬಯಲು, ಇನ್ನೊಂದು ಕಡೆ ಕೇರಳದ ಕಾಡು. ಪಶ್ಚಿಮದಲ್ಲಿ ಬೆಳ್ಳನೆಯ ಗೆರೆ. ಸಮುದ್ರವೋ ಮೋಡವೋ ಎಂದು ನಾವಿಬ್ಬರೂ ವಾದಿಸಿದೆವು. ಅಗಸ್ತ್ಯರ ವಿಗ್ರಹದ ಬಳಿ ನಾನು ಹೋಗಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ನಿಂತೇ ಕೈಮುಗಿದೆ. ಯಾರೂ ಹಾಗೆ ಹೇಳಿರಲಿಲ್ಲ, ನನಗೇ ಅನ್ನಿಸಿತು. ಇದನ್ನು ಸೋಲು ಎನ್ನುವವರಿದ್ದಾರೆ, ಗೆಳತಿಯೂ ಅಂದಳು. ನನಗೆ ಹಾಗನ್ನಿಸಿಲ್ಲ. ಬೆಟ್ಟ ಎಲ್ಲರದು, ಆದರೆ ಅಲ್ಲಿ ಮನೆ ಮಾಡಿಕೊಂಡವರು ಅವರು.

ಇಳಿದು ಬಂದು ಅಮ್ಮನಿಗೆ ಫೋನ್ ಮಾಡಿದೆ. ಕೊಡಗಿನವರಿಗೆ ಕಥೆ ಗೊತ್ತೇ ಇದೆ: ಅಗಸ್ತ್ಯರ ಮಡದಿ ಲೋಪಾಮುದ್ರೆಯೇ ಕಾವೇರಿ. ಒಂಟಿಯಾಗಿ ಬಿಟ್ಟು ಹೋಗುವುದಿಲ್ಲ ಎಂಬ ಮಾತಿಗೆ ಅವರು ತಪ್ಪಿದಾಗ, ಕಮಂಡಲದಿಂದ ಹೊರಬಂದು ಹರಿದವಳು. ಅಮ್ಮ ಸ್ವಲ್ಪ ಯೋಚಿಸಿ ಅಂದರು: "ಹೆಂಡತಿ ಇದ್ದ ಋಷಿ ಅಲ್ವಾ? ನೀನು ಹೋದದ್ದಕ್ಕೆ ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ ಬಿಡು."

ಮುಂದಿನ ಜನವರಿಗೆ ಯಾರು ಬರುತ್ತೀರಿ? ಇವತ್ತಿನಿಂದಲೇ ಲಿಫ್ಟ್ ಬಿಡಿ.